ವಾಲುವ ರೈಲಿನ ಕೊನೆಯ ಓಟ

“ವಾಲಿದ್ರೆ ಬೀಳಲ್ವಾ?” ಎಂದು ನಾನು ಕೇಳಿದ್ದೇ ತಪ್ಪಾಯಿತು. ಅದು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ. ಆ ವಾಲುವ ರೈಲಿನ ಸುದ್ದಿ ನನ್ನ ಕಿವಿಗೆ ಬಿದ್ದದ್ದೂ ಅವತ್ತೇ. ಇಜುಮೊದಿಂದ ಒಕಾಯಾಮಾಕ್ಕೆ ಬೆಟ್ಟ ಸುತ್ತಿ ಹೋಗುವ ಹೊಸ ಕರೆಂಟಿನ ಎಕ್ಸ್‌ಪ್ರೆಸ್. ಗಂಡು ಇಸಾಬುರೊ ಅದರ ಚಾಲಕರು.

— ಬೀಳೋದಾ? ತಿರುವಲ್ಲಿ ಒಳಕ್ಕೆ ವಾಲುತ್ತೆ. ವೇಗ ಇಳಿಸೋದೇ ಬೇಡ.

— ಒಳಗೆ ಕೂತವರು?

— ಅವರೂ ವಾಲ್ತಾರೆ.

ಚಹಾ ಆರಿತು. ನನ್ನ ಹೆಸರು ಕೇಳುವುದನ್ನೇ ಮರೆತರು.

ಮದುವೆಯಾದ ಮೇಲೆ ಒಮ್ಮೆ ಹತ್ತಿದೆ. ಎರಡನೇ ಸುರಂಗ ದಾಟುವುದರೊಳಗೆ ವಾಂತಿ ಚೀಲ ತುಂಬಿತು. “ತಪ್ಪು ರೈಲಿನದಲ್ಲ, ನಿನ್ನ ಹೊಟ್ಟೇದು” ಅಂದರು. ಅಂದಿನಿಂದ ನನಗೆ ನಿಧಾನದ ರೈಲೇ ಗತಿ.

ಅವರು ನಿವೃತ್ತರಾದರು, ಕೆಲವು ವರ್ಷಕ್ಕೆ ರೈಲಿಗೂ ನಿವೃತ್ತಿ ಬಂತು. ಕೊನೆಯ ಓಟಕ್ಕೆ ಎರಡು ಟಿಕೆಟ್ ತಂದರು. ಹೊರಡುವ ಬೆಳಿಗ್ಗೆ ನಾನು ಬಟ್ಟೆ ಹಾಕಿಕೊಳ್ಳುತ್ತಿದ್ದೆ.

— ಏನೇ ಅದು, ಹೊಟ್ಟೆ ಮೇಲೆ?

— ಉಪ್ಪಲ್ಲಿ ಹಾಕಿದ ಉಮೆ ಹಣ್ಣು. ಹೊಕ್ಕುಳಿಗೆ ಅಂಟಿಸಿಕೊಂಡ್ರೆ ವಾಂತಿ ಬರಲ್ಲ. ನಿಮಗೂ ಒಂದು ಅಂಟಿಸ್ಲಾ?

— ನನಗಾ? ಜೀವಮಾನವೆಲ್ಲ ಓಡಿಸಿದವನಿಗೆ?

— ಓಡಿಸಿದ್ರಿ. ಹಿಂದೆ ಕೂತಿದ್ರಾ?

ಮುಂದಿನ ಗಾಜಿನಲ್ಲಿ ಹಳಿ ತಿರುಗುವುದನ್ನು ಮೊದಲೇ ಕಾಣುತ್ತಿದ್ದವರು ಅವರು.

ಪ್ಲಾಟ್‌ಫಾರ್ಮ್ ತುಂಬ ಕ್ಯಾಮೆರಾ ಹಿಡಿದ ರೈಲು ಹುಚ್ಚರು. ಕಿರಿಯ ಚಾಲಕರು ಬಾಗಿ ವಂದಿಸಿದರು. “ನನ್ನ ಕಾಲದಲ್ಲಿ ಒಬ್ಬರಿಗೂ ಹೊಟ್ಟೆ ತೊಳಸ್ತಿರಲಿಲ್ಲ” ಎಂದು ಇವರು ಡಬ್ಬಿಯೊಳಗೆ ಅಕ್ಕಪಕ್ಕದವರಿಗೆಲ್ಲ ಸಾರುತ್ತ ಕೂತರು. ಹೊಳೆಯಂಚಿನ ತಿರುವುಗಳು ಶುರುವಾದವು.

— ಮಿತ್ಸುಯೊ.

— ಏನ್ರೀ, ಭಾಷಣ ಮುಗೀತಾ?

— ಈಗಿನ ಹುಡುಗರಿಗೆ ಓಡಿಸೋಕೇ ಬರಲ್ಲ ಕಣೇ.

— ಇದನ್ನ ಓಡಿಸ್ತಿರೋನಿಗೆ ಕಲಿಸಿದ್ದು ನೀವೇ ಅಲ್ವಾ?

— ಆ ಹಣ್ಣು... ಇನ್ನೊಂದಿದೆಯಾ?

— ಇರೋದು ಒಂದೇ. ನನ್ನ ಹೊಕ್ಕುಳ ಮೇಲೆ.

— ಕೊಡೇ, ಬೇಗ ಕೊಡೇ!

ನಾನು ಕೋಟಿನ ಗುಂಡಿ ಬಿಚ್ಚುವಷ್ಟರಲ್ಲಿ ಅವರ ಮುಖ ಚೀಲದೊಳಗಿತ್ತು. ಭುಜ ಕುಲುಕುತ್ತಿತ್ತು. ಆಚೆ ಸಾಲಿನ ಹುಡುಗಿ ತಾನೂ ಕಣ್ಣೊರೆಸಿಕೊಂಡಳು.

— ನೋಡಿ, ಹಳೇ ಚಾಲಕರು ಹೇಗೆ ಅಳ್ತಿದಾರೆ! ರೈಲಿನ ಮೇಲೆ ಎಂಥ ಪ್ರೀತಿ!

ಡಬ್ಬಿಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಇವರು ಚೀಲದಿಂದ ಮುಖವೆತ್ತದೆ ಕೈ ಬೀಸಿದರು.

ಹೋದ ವರ್ಷ ಆಸ್ಪತ್ರೆಯಲ್ಲಿ ಮಗಳನ್ನು ಹೊರಗೆ ಕಳಿಸಿ ನನ್ನ ಕೈ ಹಿಡಿದರು. ಇಷ್ಟು ವರ್ಷದ ಸಂಸಾರಕ್ಕೆ ಈಗಲಾದರೂ ಒಂದು ಒಳ್ಳೆಯ ಮಾತು ಬಂದೀತು ಎಂದು ಬಗ್ಗಿದೆ.

— ನಾನು ಹೋದ್ಮೇಲೆ ನಮ್ಮ ಚಾಲಕರೆಲ್ಲ ಮನೆಗೆ ಬರ್ತಾರೆ. ಅವತ್ತು ಕೊನೇ ಓಟದಲ್ಲಿ ಅತ್ತಿದ್ದೆ ಅಂತಲೇ ಹೇಳು, ಏನೇ?