ದೇವರಾಜುವಿನ ಒಂಟಿ ಸೀನು

ಒಂದು ವಾರದಿಂದ ದೇವರಾಜು ಸೀನಿನ ಮಾತ್ರೆ ಮುಟ್ಟಿರಲಿಲ್ಲ. ಮೂಗು ಕೆಟ್ಟ ನಲ್ಲಿಯಾಗಿತ್ತು, ಆದರೂ ಹಲ್ಲು ಕಚ್ಚಿಕೊಂಡಿದ್ದ. ರಾಮನಗರದ ಮುಕ್ತಿಯಾರ್ ಸಾಹೇಬರ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು ಅವನ ಕೆಲಸ. ಆ ಹಬೆ, ಬೆಂದ ಹುಳದ ಆ ವಾಸನೆ ಅವನ ಎದೆಗೆ ಆಗದು. ಹೋದ ತಿಂಗಳು ಉಸಿರು ಕಟ್ಟಿ, ತುಟಿ ನೀಲಿಯಾಗಿ ಒಲೆಯ ಪಕ್ಕದಲ್ಲೇ ಬಿದ್ದಿದ್ದ.

"ಅಲರ್ಜಿ ಅಂತ ಡಾಕ್ಟರ್ ಕೈಲಿ ಬರೆಸ್ಕೊಂಡ್ ಬಾ, ಮಹಡಿ ಮೇಲೆ ನೂಲಿನ ಲಡಿ ಕಟ್ಟೋ ಕೆಲ್ಸ ಕೊಡ್ತೀನಿ" ಎಂದಿದ್ದರು ಸಾಹೇಬರು. ಡಾಕ್ಟರು ಕೈಗೆ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಗೊತ್ತುಮಾಡಿ, "ಅಲ್ಲೀವರೆಗೆ ಮಾತ್ರೆ ಬಂದ್. ತಗೊಂಡ್ರೆ ಚರ್ಮ ಉಬ್ಬೋದೇ ಇಲ್ಲ, ಏನೂ ಗೊತ್ತಾಗಲ್ಲ" ಎಂದು ಎಚ್ಚರಿಸಿದ್ದರು.

ಪರೀಕ್ಷೆಯ ದಿನ ಬೆಳಗಿನ ಜಾವವೇ ಪಕ್ಕದ ಮನೆಯ ಮುನಿಶಾಮಯ್ಯ ತೀರಿಕೊಂಡ. ಹೆಗಲು ಕೊಡದೆ ಆಸ್ಪತ್ರೆಗೆ ಹೋದರೆ ಬೀದಿಯ ಬಾಯಿಗೆ ಬೀಳಬೇಕು. ದೇವರಾಜು ಚಟ್ಟಕ್ಕೆ ಕೈ ಹಾಕಿದ. ಎತ್ತುವಷ್ಟರಲ್ಲಿ ಸೀನಿದ.

"ಇಳಿಸ್ರಪ್ಪೋ, ಒಂಟಿ ಸೀನು!" ಎಂದಳು ನೆರೆಮನೆ ಸರಸಮ್ಮ. ಚಟ್ಟ ನೆಲ ಮುಟ್ಟಿತು.

"ಇನ್ನೊಂದು ಸೀನ್ಲಾ, ಜೋಡಿಯಾದ್ರೆ ದೋಸ ಇಲ್ಲ" ಎಂದ ಸತ್ತವನ ಮಗ ಹನುಮಂತಯ್ಯ. ದೇವರಾಜು ಸೂರ್ಯನನ್ನು ನೋಡಿದ, ಮೂಗಿಗೆ ಹುಲ್ಲುಕಡ್ಡಿ ತೂರಿಸಿದ. ಬರಲಿಲ್ಲ. ಮತ್ತೆ ಎತ್ತಿದರು. ಆಗ ಬಂತು, ಮತ್ತೆ ಒಂಟಿಯೇ. ಅವನನ್ನು ದೂರ ನಿಲ್ಲಿಸಿದರು. ಅಲ್ಲಿಂದಲೂ ಬೀದಿಗೆಲ್ಲ ಕೇಳುವಂತೆ ಸೀನಿದ.

"ಲೇ, ನಮ್ಮಪ್ಪನ್ನ ಕಳಿಸ್ತೀಯೋ, ಇಲ್ಲೇ ಇಟ್ಕೋತೀಯೋ?" ಹನುಮಂತಯ್ಯ ಅಳುತ್ತಲೇ ರೇಗಿದ.

ಎದುರುಮನೆ ಬೋರಮ್ಮ ಸೆರಗಿನ ಗಂಟು ಬಿಚ್ಚಿ ಸೀನಿನ ಮಾತ್ರೆ ತೆಗೆದಳು. "ನುಂಗ್ಬುಡಪ್ಪ. ಇದ್ರಲ್ಲಿ ನಿದ್ದೆ ಬರಾಕಿಲ್ಲ."

"ಬ್ಯಾಡ ಕಣಕ್ಕ. ಇವತ್ತು ಒಂದು ನುಂಗಿದ್ರೆ ಮತ್ತೆ ಆ ಒಲೆ ಮುಂದೇ ಸಾಯ್ಬೇಕು ನಾನು."

"ಸತ್ತೋನು ಇಲ್ಲಿ ಬಿದ್ದವ್ನೆ, ಇವನಿಗೆ ಇವನ್ದೇ ಚಿಂತೆ" ಎಂದು ಯಾರೋ ಗೊಣಗಿದರು.

ಹೇಗೂ ತಡವಾಯಿತು, ಮಾಗಡಿಯಿಂದ ಹೊರಟಿರುವ ಸತ್ತವನ ಮಗಳೂ ಬಂದುಬಿಡಲಿ ಎಂದು ಎಲ್ಲರೂ ಕೂತರು. ಅಕ್ಕಪಕ್ಕದವರು ಕಾಫಿ ತಂದರು, ಅವನಿಗೂ ಕೊಟ್ಟರು. ಮಗಳು ಬಂದು ಗೋಳಾಡಿ ಮುಗಿಸುವ ಹೊತ್ತಿಗೆ ಸೀನು ನಿಂತಿತ್ತು. ಹೊಲದಲ್ಲಿ ಗುಂಡಿಗೆ ಮಣ್ಣು ತಳ್ಳುವಾಗ ಧೂಳೆದ್ದರೂ ದೇವರಾಜುವಿನ ಮೂಗು ಕದಲಲಿಲ್ಲ. ಮುನಿಶಾಮಯ್ಯ ಹೋಗುತ್ತಾ ಹರಸಿಹೋದ ಎಂದುಕೊಂಡು ಅವನಿಗೆ ಕಣ್ಣು ತುಂಬಿತು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಮೊಣಕೈವರೆಗೆ ಸಾಲಾಗಿ ಚುಚ್ಚಿದರು. ಒಂದೂ ಉಬ್ಬಲಿಲ್ಲ. ಎಂಥವರಿಗೂ ಉಬ್ಬಲೇಬೇಕಾದ ಹನಿಯೊಂದಿತ್ತು, ಅದೂ ಉಬ್ಬಲಿಲ್ಲ.

"ಮಾತ್ರೆ ತಗೊಂಡಿದ್ದೀರಿ" ಎಂದರು ಡಾಕ್ಟರು.

"ನಮ್ಮವ್ವನಾಣೆ ಇಲ್ಲ ಸಾ" ಎಂದು ದೇವರಾಜು ಬಾಯಗಲ ಆಕಳಿಸಿದ.

ಡಾಕ್ಟರು ಅವನ ನಾಡಿ ಹಿಡಿದರು. "ಎಷ್ಟು ತಗೊಂಡ್ರಿ? ಮೊದ್ಲು ಬರೆದುಕೊಟ್ಟಾಗ್ಲೇ ದಿನಕ್ಕೆ ಒಂದೇ ಅಂತ ಹೇಳಿರ್ಲಿಲ್ವಾ? ಒಂದು ತಗೊಂಡ್ರೆ ಸಾಮಾನ್ಯವಾಗಿ ನಿದ್ದೆ ಬರಲ್ಲ. ಮೂರು ನಾಲ್ಕು ತಗೊಂಡ್ರೆ ಬರದೆ ಇರತ್ತಾ?" ಸಂಜೆವರೆಗೆ ಅಲ್ಲೇ ಮಲಗಿಸಿಕೊಂಡು, ಇನ್ನೊಂದು ವಾರ ಬಿಟ್ಟು ಬರಲು ಹೇಳಿ ಕಳಿಸಿದರು.

ಸಾವಿನ ಮನೆಯ ಮುಂದೆ ಇನ್ನೂ ಜನ ಕೂತಿದ್ದರು. ಅವನ ಗೋಳು ಕೇಳಿ ಬೋರಮ್ಮ ಮೆಲ್ಲಗೆ ಅಂದಳು: "ನಾನೇ ಕಣಪ್ಪ, ಕಾಫಿಗೆ ಒಂದು ಕುಟ್ಟಿ ಹಾಕ್ದೆ. ಹೆಣ ಹೊರಡ್ಬೇಕಲ್ಲ."

"ಅಯ್ಯೋ, ನಾನೂ ಹಾಕಿದ್ನಲ್ಲ!" ಎಂದಳು ಸರಸಮ್ಮ. "ನಂದು ಬೇರೆ ಹೆಸರಿಂದು."

"ನಾನು ಎರಡು" ಎಂದ ಹನುಮಂತಯ್ಯ ತಲೆ ತಗ್ಗಿಸಿ.

ಹೆಸರು ಮೂರು, ಔಷಧಿ ಒಂದೇ. ಯಾರನ್ನು ಬೈಯುವುದು? ಕೊಂದವರೆಲ್ಲ ಒಳ್ಳೆಯವರೇ. ಅಷ್ಟರಲ್ಲಿ ಮುಕ್ತಿಯಾರ್ ಸಾಹೇಬರು ನಗುನಗುತ್ತಾ ಬಂದು ಅವನ ಭುಜ ತಟ್ಟಿದರು.

"ಮಣ್ಣಿಗೆ ನಾನೂ ಬಂದಿದ್ದೆ ಕಣೋ ದೇವರಾಜು. ಅಷ್ಟು ಧೂಳಲ್ಲೂ ನೀನು ಒಂದ್ಸಲ ಸೀನ್ಲಿಲ್ಲ! ಅಲ್ಲಾ ದೊಡ್ಡೋನು, ಕಾಯಿಲೆ ವಾಸಿ ಮಾಡ್ಬುಟ್ಟ. ಪಾಪ, ನಿನ್ ಜೊತೆ ಒಲೆ ಮುಂದೆ ಕೂರೋ ಗುಲ್ಜಾರ್ ಬೀಗೆ ಮಂಡಿನೋವು. ಮಹಡಿ ಕೆಲ್ಸ ಅವಳಿಗೇ ಕೊಟ್ಬುಟ್ಟೆ."

ಅಲ್ಲ ಸಾಹೇಬ್ರೆ, ಎನ್ನಲು ದೇವರಾಜು ಬಾಯಿ ತೆರೆದ. ಆಕಳಿಕೆಯೊಂದೇ ಬಂತು.

"ನೋಡ್ದಾ, ಎದೆ ಹಗುರಾದ್ರೆ ಹೆಂಗೆ ನಿದ್ದೆ ಬರತ್ತೆ!" ಎಂದರು ಸಾಹೇಬರು. "ಹೋಗಿ ಮಲ್ಕೋ. ಬೆಳಿಗ್ಗೆ ಒಲೆ ಹಚ್ಚೋ ಹೊತ್ತಿಗೆ ಬಂದ್ಬುಡು."