ಮೊದಲ ಪಂಕ್ತಿಯ ರೇಸು

ಕೆಂಗೇರಿ ಕಡೆಯ ಪಡುವಣ ಟರ್ಫ್ ಕ್ಲಬ್ಬಿನ ಎಪ್ಪತ್ತೊಂದನೆಯ ವಾರ್ಷಿಕ ಮಹಾಸಭೆಯು, ಕ್ಲಬ್ಬಿಗೆ ಜನ ಬರುತ್ತಿಲ್ಲವೆಂಬ ಸಂಗತಿಯನ್ನು ಸರ್ವಾನುಮತದಿಂದ ಅಂಗೀಕರಿಸಿತು. ಸಭೆಗೂ ಜನ ಬಂದಿರಲಿಲ್ಲವಾದ್ದರಿಂದ ಭಿನ್ನಮತಕ್ಕೆ ಅವಕಾಶವಾಗಲಿಲ್ಲ.

ಇನ್ನು ಯಾವ ಜನರನ್ನು ಕರೆಯಬೇಕೆಂಬ ಪ್ರಶ್ನೆ. ಇದಕ್ಕೆ ನೇಮಕವಾದ ಉಪಸಮಿತಿಯು ಎರಡು ದೇಶಗಳಿಗೆ ಹೋಗಿ ಅಧ್ಯಯನ ಮಾಡಿಬಂದಿತು. ಆ ಎರಡೂ ದೇಶಗಳಲ್ಲಿ ಕುದುರೆ ರೇಸು ಇಲ್ಲವೆಂಬುದು ಅಲ್ಲಿಗೆ ಹೋಗಿ ಎಂಟು ದಿನ ಉಳಿದ ಮೇಲೆ ತಿಳಿದುಬಂತು. ವರದಿಯಲ್ಲಿ ಮನುಷ್ಯರನ್ನು ಎರಡು ಬಗೆಯಾಗಿ ವಿಂಗಡಿಸಲಾಗಿತ್ತು. ಕುದುರೆಯ ಕಡೆ ತಲೆಯೆತ್ತಿ ನೋಡದೆ ದುಡ್ಡು ಕಟ್ಟುವವನು ‘ಗಂಭೀರ ಬಾಜಿದಾರ’. ದುಡ್ಡು ಕಟ್ಟದೆ ಕುದುರೆಯ ಜೊತೆ ಫೋಟೋ ತೆಗೆಸಿಕೊಳ್ಳುವವನು ‘ಸಾಂದರ್ಭಿಕ ಅಭಿಮಾನಿ’. ಕುದುರೆಯನ್ನೂ ನೋಡಿ ದುಡ್ಡನ್ನೂ ಕಟ್ಟುವ ವ್ಯಕ್ತಿ ಅಧ್ಯಯನದ ಅವಧಿಯಲ್ಲಿ ಕಂಡುಬಂದಿಲ್ಲವೆಂದು ಷರಾ ಇತ್ತು.

ಬಾಜಿದಾರರು ಹೇಗೂ ಬಂದೇ ಬರುತ್ತಾರೆ, ಅಭಿಮಾನಿಗಳನ್ನೇ ಓಲೈಸೋಣ ಎಂದು ಕಾರ್ಯದರ್ಶಿ ಬಸವಕುಮಾರ್ ತೀರ್ಮಾನಿಸಿದರು. ಮರುದಿನವೇ ಸುತ್ತೋಲೆ ಹೊರಬಿತ್ತು.

‘ಅಂಕಿಗಳನ್ನು ಕಂಡು ಕುಟುಂಬಗಳು ಬೆದರುವುದು ರುಜುವಾತಾಗಿರುವುದರಿಂದ ರೇಸು ಪುಸ್ತಕವನ್ನು ನಿಲ್ಲಿಸಲಾಗಿದೆ. ಬದಲಿಗೆ ಪ್ರತಿ ಕುದುರೆಯ ಭಾವಚಿತ್ರ ಮತ್ತು ಮೆಚ್ಚಿನ ತಿಂಡಿಯುಳ್ಳ ಬಣ್ಣದ ಹಾಳೆಯನ್ನು ಹಂಚತಕ್ಕದ್ದು. ಪ್ರತಿಯೊಬ್ಬ ನೌಕರನೂ ಭಾನುವಾರದಂದು ಮನೆಯವರನ್ನು ತಪ್ಪದೆ ಕರೆತರತಕ್ಕದ್ದು. ಊಟದ ವ್ಯವಸ್ಥೆ ಇದೆ.’

ಈ ಸುತ್ತೋಲೆಯಿಂದ ಇಡೀ ಕ್ಲಬ್ಬಿನಲ್ಲಿ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಬ್ಬರಿಗೆ. ಅವರು ಸೋಮಲಿಂಗಪ್ಪನವರು, ರೇಸು ಪುಸ್ತಕ ಬರೆಯುವವರು. ವಿಜಯನಗರದಿಂದ ಮೆಟ್ರೋದಲ್ಲಿ ಬಂದು ದಿನವೂ ಹತ್ತಕ್ಕೆ ಸರಿಯಾಗಿ ಕುರ್ಚಿಯಲ್ಲಿ ಕೂರುವ ಮನುಷ್ಯ. ನಿವೃತ್ತಿಗೆ ಇನ್ನೆರಡು ವರ್ಷ. ಯಾವ ಕುದುರೆ ಕಳೆದ ಐದು ಓಟಗಳಲ್ಲಿ ಹೇಗೆ ಓಡಿತು, ಮುಂದಿನ ಓಟದಲ್ಲಿ ಎಷ್ಟು ಭಾರ ಹೊರಬೇಕು ಎಂದು ಬರೆಯುವುದು ಅವರ ಕೆಲಸ. ಗೆದ್ದ ಕುದುರೆಗೆ ಮುಂದಿನ ಸಲ ಭಾರ ಹೆಚ್ಚು, ಸೋತದ್ದಕ್ಕೆ ಕಡಿಮೆ. ಆದ್ದರಿಂದ ದೊಡ್ಡ ರೇಸಿಗೆ ಮುಂಚೆ ಭಾರ ಇಳಿಸಿಕೊಳ್ಳಲೆಂದು ಕೆಲವು ಕುದುರೆಗಳನ್ನು ಬೇಕೆಂದೇ ಸೋಲಿಸುವುದುಂಟು. ಸೋಮಲಿಂಗಪ್ಪನವರ ಕಣ್ಣಿಗೆ ಮಣ್ಣೆರಚಿ ಅದನ್ನು ಮಾಡಿದವರಿಲ್ಲ. ‘ಲಗಾಮು ಎಳೆದಿದ್ದಾರೆ’ ಎಂದು ಅವರು ಬರೆದರೆ ಆ ಕುದುರೆಗೆ ಆರು ತಿಂಗಳು ಲಾಯವೇ ಗತಿ. ಕುದುರೆ ಕುಂಟಿದರೆ ಬರೀ ಕುಂಟಿತು ಎಂದು ಬರೆದವರಲ್ಲ. ಹಿಂಗಾಲೋ ಮುಂಗಾಲೋ, ಎಡವೋ ಬಲವೋ, ಎಲ್ಲವೂ ಇರುತ್ತಿತ್ತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಒಂದು ಕುದುರೆಯ ಮೇಲೂ ಅವರು ಸುಳ್ಳು ಬರೆದಿರಲಿಲ್ಲ. ಮನುಷ್ಯರ ಮೇಲೆ ಬರೆಯುವ ಪ್ರಸಂಗ ಬಂದಿರಲಿಲ್ಲ.

ಮನೆಯಲ್ಲಿ ಮಾತ್ರ ಆ ಪುಸ್ತಕಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ಅವರ ಹೆಂಡತಿ ಗಿರಿಜಾದೇವಿಯವರು ಅದನ್ನು ಅಡಿಗೆಮನೆಯ ಡಬ್ಬಗಳ ಕೆಳಗೆ ಹಾಸುತ್ತಿದ್ದರು. ಒಂದು ಸಾಲನ್ನೂ ಓದಿದವರಲ್ಲ.

“ತಿಂಗಳ ಕೊನೆಗೆ ನಿಮ್ಮ ಹುದ್ದೆ ರದ್ದಾಗುತ್ತೆ, ಸೋಮಲಿಂಗಪ್ಪನವ್ರೆ” ಎಂದು ಬಸವಕುಮಾರ್ ಹೇಳಿದರು. “ಬೇಜಾರು ಮಾಡ್ಕೋಬೇಡಿ. ರದ್ದಾಗೋದು ಹುದ್ದೆ ಮಾತ್ರ, ನೀವಲ್ಲ.”

“ನಾನೇನ್ ಮಾಡ್ಲಿ ಸಾರ್ ಹಾಗಾದ್ರೆ?”

“ನೀವು ಮನೇಲಿರಿ.”

ಭಾನುವಾರ ಬಂತು. ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್, ಮಾರೇನಹಳ್ಳಿಗಳಿಂದ ಕುಟುಂಬಗಳು ಇಳಿದವು. ಕುದುರೆಗಳ ಜೊತೆ ಫೋಟೋ ತೆಗೆಸಿಕೊಳ್ಳುವ ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಆಮೇಲೆ ಎಲ್ಲರೂ ಬಿಸಿಲಿಗೂ ರೇಸಿಗೂ ಬೆನ್ನು ಹಾಕಿ ಶಾಮಿಯಾನದಲ್ಲಿ ಕುಳಿತರು. ಗಿರಿಜಾದೇವಿಯವರೂ ನೀಲಿ ಸೀರೆಯುಟ್ಟು, ತಂಗಿ ಜಗದಾಂಬಾರ ಜೊತೆ ಕೊನೆಯ ಸಾಲಿನಲ್ಲಿ ಕುಳಿತಿದ್ದರು.

ಎದುರಿನ ಮೆಟ್ಟಿಲುಗಳ ಮೇಲೆ ಬಾಜಿದಾರರು ಹಣೆಗೆ ಕೈಹಚ್ಚಿ ಕುಳಿತಿದ್ದರು. ಅವರ ಮುಖಂಡ ಮಾರೇನಹಳ್ಳಿಯ ತಿಮ್ಮಯ್ಯ. ಆ ಊರು ಹೊಲವಾಗಿದ್ದ ಕಾಲದಿಂದ ರೇಸು ಆಡುತ್ತಿದ್ದವರು, ಊರು ಸೈಟುಗಳಾದ ಮೇಲೆ ಇನ್ನೂ ನಿಶ್ಚಿಂತೆಯಿಂದ ಆಡುತ್ತಿದ್ದರು.

“ಏನ್ ಸ್ವಾಮಿ ಇದು?” ಎಂದು ಅವರು ಬಣ್ಣದ ಹಾಳೆಯನ್ನು ಸೋಮಲಿಂಗಪ್ಪನವರ ಮುಖಕ್ಕೆ ಹಿಡಿದರು. “ಈ ಕುದ್ರೆಗೆ ಕ್ಯಾರೆಟ್ ಇಷ್ಟ ಅಂತ ಬರ್ದವ್ರೆ. ಕ್ಯಾರೆಟ್ ಇಷ್ಟ ಇದ್ರೆ ಸಾವ್ರದಿನ್ನೂರು ಮೀಟ್ರು ಓಡ್ಬಿಡ್ತದಾ? ನಾನ್ ಏನ್ ನೋಡ್ಕಂಡು ದುಡ್ ಕಟ್ಲಿ?”

ಅಷ್ಟರಲ್ಲಿ ಧ್ವನಿವರ್ಧಕ ಕೂಗಿತು: ‘ಭೋಜನಶಾಲೆ ತೆರೆದಿದೆ. ಮೊದಲ ಪಂಕ್ತಿಗೆ ನಲವತ್ತು ಎಲೆ ಮಾತ್ರ.’

ವಿಜಯನಗರದ ಕಲ್ಯಾಣಮಂಟಪಗಳಲ್ಲಿ ಊಟ ಮಾಡಿ ಪಳಗಿದ ಮುನ್ನೂರು ಜನರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಶಾಮಿಯಾನದಿಂದ ಭೋಜನಶಾಲೆಗೆ ನೂರನಲವತ್ತು ಮೀಟರು ಹುಲ್ಲುಹಾಸು. ಯಾರೂ ಓಡಲಿಲ್ಲ, ಓಡುವುದು ಮರ್ಯಾದೆಯಲ್ಲ. ಆದರೆ ಅಂಥ ನಡಿಗೆಯನ್ನು ಆ ಮೈದಾನ ಎಪ್ಪತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ. ಗಿರಿಜಾದೇವಿಯವರು ಮೊದಲು ಎಲ್ಲರಿಗೂ ದಾರಿ ಬಿಟ್ಟರು. ನೀರಿನ ತೊಟ್ಟಿಯ ತಿರುವಿನಲ್ಲಿ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಒಳಬದಿಯಿಂದ ನುಗ್ಗಿ, ಒಂದೂವರೆ ಆಳಿನ ಅಂತರದಲ್ಲಿ ಮೊದಲ ಎಲೆಯ ಮುಂದೆ ಕುಳಿತರು. ತಂಗಿಗೂ ಒಂದು ಎಲೆಯ ಮೇಲೆ ಕೈಚೀಲ ಇಟ್ಟರು.

ತಿಮ್ಮಯ್ಯ ಎದ್ದು ನಿಂತಿದ್ದರು. “ಯಾರ್ ಸ್ವಾಮಿ ಆ ನೀಲಿ ಸೀರೆ?”

“ನಮ್ಮನೆಯವರು” ಎಂದರು ಸೋಮಲಿಂಗಪ್ಪನವರು.

ತಿಮ್ಮಯ್ಯ ಸಂಕೋಚಪಡಲಿಲ್ಲ. “ಹಿಂದಿನ್ ಐದು ಓಟ?”

ಸೋಮಲಿಂಗಪ್ಪನವರ ಬಾಯಿ ಯೋಚನೆಗಿಂತ ಮುಂಚೆ ಉತ್ತರ ಕೊಟ್ಟಿತು. “ಕಳೆದ ಐದು ಮದುವೇಲಿ ನಾಲ್ಕು ಸಲ ಮೊದಲ ಪಂಕ್ತಿ. ಇನ್ನೊಂದು ಬಸವೇಶ್ವರನಗರದ ಛತ್ರ. ಊಟದ ಹಾಲ್ ಮೂರನೇ ಮಹಡೀಲಿತ್ತು, ಲಿಫ್ಟ್ ಕೆಟ್ಟಿತ್ತು. ಎರಡನೇ ಪಂಕ್ತಿ.”

“ಹತ್ತೋದು ಕಷ್ಟ ಅನ್ನಿ.”

“ಬಲ ಮಂಡಿ ನೋವಿದೆ. ಸಮತಟ್ಟು ನೆಲದಲ್ಲಿ ಹಿಡಿಯೋರಿಲ್ಲ.”

ಎರಡನೇ ಪಂಕ್ತಿಗೆ ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಅಷ್ಟರೊಳಗೆ ಬಾಜಿ ಬರೆದುಕೊಳ್ಳುವ ವೀರೇಶ ತನ್ನ ಹಲಗೆಯಿಂದ ಕುದುರೆಗಳ ಹೆಸರು ಒರೆಸಿ, ‘ಹಸಿರು ಚೂಡಿದಾರ್’, ‘ಮಹಾಲಕ್ಷ್ಮಿ ಲೇಔಟ್ ಅಜ್ಜಿ’, ‘ಸಫಾರಿ ಅಂಕಲ್’ ಎಂದು ಬರೆದಾಗಿತ್ತು. ಅದೇ ಹೊತ್ತಿಗೆ ಆ ದಿನದ ಮೂರನೇ ರೇಸು ನಡೆದುಹೋಯಿತು. ಯಾವ ಕುದುರೆ ಗೆದ್ದಿತೆಂದು ಆಮೇಲೆ ಸವಾರರನ್ನೇ ಕೇಳಿ ಬರೆದುಕೊಳ್ಳಬೇಕಾಯಿತು.

ಸೋಮವಾರ ತುರ್ತು ಸಭೆ ಸೇರಿತು. ಅಭಿಮಾನಿಗಳು ಓಡುವುದು, ಬಾಜಿದಾರರು ಅವರ ಮೇಲೆ ಕಟ್ಟುವುದು, ಇದರಿಂದ ಎರಡೂ ವರ್ಗಗಳನ್ನು ಏಕಕಾಲದಲ್ಲಿ ಓಲೈಸಿದಂತಾಗುವುದೆಂದು ಬಸವಕುಮಾರ್ ಮಂಡಿಸಿದರು. ಸದಸ್ಯರೊಬ್ಬರು ಕುಟುಂಬಗಳ ಒಪ್ಪಿಗೆ ಬೇಡವೇ ಎಂದು ಕೇಳಿದರು. ಕುದುರೆಗಳ ಒಪ್ಪಿಗೆ ಪಡೆದ ಪೂರ್ವನಿದರ್ಶನ ಕಡತದಲ್ಲಿಲ್ಲವೆಂದು ಉತ್ತರ ಬಂತು. ಕುದುರೆಗಳನ್ನೇನು ಮಾಡುವುದು ಎಂದು ಇನ್ನೊಬ್ಬರು ಕೇಳಿದರು. ಕ್ಲಬ್ಬಿನ ಘನತೆಗಾಗಿ ಅವು ಇರಲಿ, ಬೇಲಿಯ ಪಕ್ಕ ನೆರಳಿನಲ್ಲಿ ನಿಂತು ನೋಡಲಿ ಎಂದು ನಿರ್ಣಯವಾಯಿತು.

ಹೊಸ ನಿಯಮಗಳು ಹೀಗಿದ್ದವು. ಗೆದ್ದವರು ಮುಂದಿನ ವಾರ ಎರಡು ಕಿಲೋ ಸೋನಾ ಮಸೂರಿ ಅಕ್ಕಿಯನ್ನು ಬಟ್ಟೆಚೀಲದಲ್ಲಿ ಹೊತ್ತು ಸ್ಪರ್ಧಿಸತಕ್ಕದ್ದು. ಪ್ರತಿ ಗೆಲುವಿಗೂ ಎರಡು ಕಿಲೋ ಏರುತ್ತದೆ, ಪ್ರತಿ ಸೋಲಿಗೂ ಮೂರು ಕಿಲೋ ಇಳಿಯುತ್ತದೆ. ಅಕ್ಕಿ ಸ್ಪರ್ಧಿಗೇ ಸೇರಿದ್ದು. ಕುದುರೆಗಳ ವಯಸ್ಸನ್ನು ಹಲ್ಲು ನೋಡಿ ಬರೆಯುವ ಪದ್ಧತಿಯನ್ನು ಮಹಿಳಾ ಸ್ಪರ್ಧಿಗಳ ವಿಷಯದಲ್ಲಿ ಕೈಬಿಟ್ಟು, ಅವರು ಹೇಳಿದ್ದನ್ನೇ ನಂಬತಕ್ಕದ್ದು. ಬೇಕೆಂದೇ ಸೋತವರಿಗೆ ಆರು ತಿಂಗಳು ಊಟವಿಲ್ಲ. ರೇಸು ಪುಸ್ತಕವನ್ನು ಪುನಃ ಆರಂಭಿಸಿ, ಸೋಮಲಿಂಗಪ್ಪನವರ ಹುದ್ದೆಯನ್ನು ಜೀವಂತಗೊಳಿಸಲಾಗಿದೆ.

ಸೋಮಲಿಂಗಪ್ಪನವರ ಜೀವ ಬಂದಲ್ಲಿಗೆ ಬಂತು. ಹುದ್ದೆ ಇನ್ನು ನಿಂತಿದ್ದು ಪುಸ್ತಕದ ಮೇಲೆ. ಪುಸ್ತಕ ನಿಂತಿದ್ದು ಅದರಲ್ಲಿ ಸುಳ್ಳಿಲ್ಲ ಎಂಬ ತಿಮ್ಮಯ್ಯನಂಥವರ ನಂಬಿಕೆಯ ಮೇಲೆ. ಅವರು ಪೆನ್ನು ಹಿಡಿದು ಕುಳಿತರು. ಮೊದಲ ಹೆಸರು ಗಿರಿಜಾದೇವಿ.

ತಮ್ಮ ಬಗ್ಗೆ ಅಚ್ಚಾಗಿದೆಯೆಂದು ಯಾವ ಕುಟುಂಬವೂ ದೂರಲಿಲ್ಲ. ತಮ್ಮನ್ನು ಬಿಟ್ಟಿದ್ದಾರೆಂದು ಹದಿನೇಳು ದೂರುಗಳು ಬಂದವು. ಗಿರಿಜಾದೇವಿಯವರು ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನ ಪುಸ್ತಕವನ್ನು ಡಬ್ಬದ ಕೆಳಗಿಂದ ಎಳೆದು ಓದಿದರು. ‘ಆರಂಭದಲ್ಲಿ ಎಲ್ಲರಿಗೂ ದಾರಿ ಬಿಡುತ್ತಾರೆ. ಬಲ ಮಂಡಿಯಲ್ಲಿ ನೋವು, ಯಾರಿಗೂ ಹೇಳುವುದಿಲ್ಲ. ತಮ್ಮ ಪಕ್ಕದಲ್ಲಿ ಇನ್ನೊಬ್ಬರಿಗೆ ಎಲೆ ಹಿಡಿಯದೆ ಕೂರುವುದಿಲ್ಲ.’

“ರೀ, ಮಂಡಿ ನೋವಿನ ವಿಷಯ ನಿಮಗೆ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ನಡಿಗೆ ನೋಡಿದೆ.”

ಗಿರಿಜಾದೇವಿಯವರು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಅವರ ಕಣ್ಣು ತುಂಬಿತ್ತು. “ಇಷ್ಟು ವರ್ಷ ನೀವು ನನ್ನ ಕಡೆ ನೋಡೋದೇ ಇಲ್ಲ ಅಂದ್ಕೊಂಡಿದ್ದೆ” ಎಂದರು. ಆ ದಿನ ರಾಗಿರೊಟ್ಟಿಗೆ ಬೆಣ್ಣೆ ಬಿತ್ತು.

ಮುಂದಿನ ಮೂರು ವಾರವೂ ಅವರೇ ಗೆದ್ದರು. ಚೀಲ ಎಂಟು ಕಿಲೋಗೆ ಏರಿತು. ನಾಲ್ಕನೇ ವಾರ ಕಳೆದರೆ ವರ್ಷದ ದೊಡ್ಡ ರೇಸಾದ ಪಡುವಣ ಡರ್ಬಿ: ಮೊದಲ ಪಂಕ್ತಿಗೆ ಹೋಳಿಗೆ ಊಟ, ಗೆದ್ದವರಿಗೆ ಬೆಳ್ಳಿ ದೀಪ. ಆ ನಾಲ್ಕನೇ ವಾರ ಗಿರಿಜಾದೇವಿಯವರು ನೀರಿನ ತೊಟ್ಟಿಯ ಬಳಿ ನಿಧಾನ ಮಾಡಿದರು. ಕುಂಟಿದರು. ಬೇಲಿಯ ಪಕ್ಕದ ಕುದುರೆಗಳು ಕತ್ತು ಚಾಚಿ ನೋಡಿದವು. ಸಫಾರಿ ಅಂಕಲ್ ಕೂಡ ಅವರನ್ನು ದಾಟಿ ಹೋದರು. ಅವರಿಗೆ ಸಿಕ್ಕಿದ್ದು ಮೂರನೇ ಪಂಕ್ತಿ, ಹಪ್ಪಳ ಮುಗಿದಿತ್ತು.

ಮೆಟ್ರೋದಲ್ಲಿ ಹಿಂದಿರುಗುವಾಗ ಅಕ್ಕಿಯ ಚೀಲ ಸೋಮಲಿಂಗಪ್ಪನವರ ತೊಡೆಯ ಮೇಲಿತ್ತು.

“ನಿನ್ನ ನೋವು ಬಲ ಮಂಡೀದು” ಎಂದು ಅವರು ಮೆಲ್ಲಗೆ ಹೇಳಿದರು. “ಇವತ್ತು ಕುಂಟಿದ್ದು ಎಡಗಾಲು.”

ಗಿರಿಜಾದೇವಿಯವರು ಕಿಟಕಿಯ ಹೊರಗೆ ನೋಡಿದರು. “ಬರೀತೀರಾ?”

“ಬರೆಯೋದೇ ನನ್ನ ಕೆಲಸ.”

“ಬರೀರಿ. ಆರು ತಿಂಗಳು ನನಗೆ ಊಟ ಇಲ್ಲ. ನಿಮಗೂ ಮನೇಲಿ ಇಲ್ಲ. ಭಾರ ಇಳಿಸೋಕೆ ಸೋಲಬೇಕು ಅನ್ನೋದು ನಾನು ಕಂಡುಹಿಡಿದಿದ್ದಲ್ಲ ಕಣ್ರೀ, ನಿಮ್ಮ ಹಳೇ ಪುಸ್ತಕಗಳಲ್ಲೇ ಇತ್ತು. ಡಬ್ಬದ ಕೆಳಗಿದ್ದ ಎಲ್ಲಾನೂ ಓದಿದೆ.”

ಸೋಮಲಿಂಗಪ್ಪನವರು ಸೋಮವಾರವಿಡೀ ಒಂದು ಸಾಲಿನ ಮುಂದೆ ಕುಳಿತರು. ಬಸವಕುಮಾರ್ ಎರಡು ಸಲ ಇಣುಕಿ ನೋಡಿದರು. ‘ಲಗಾಮು ಎಳೆದಿದ್ದಾರೆ’ ಎಂದು ಬರೆದರು, ಹೊಡೆದುಹಾಕಿದರು. ‘ಎಡ ಮಂಡಿ’ ಎಂದು ಬರೆಯಲು ಕೈ ಬರಲಿಲ್ಲ, ಅದು ಸುಳ್ಳು. ‘ಬಲ ಮಂಡಿ’ ಎಂದು ಬರೆದರೂ ಸುಳ್ಳೇ, ಆ ಕಾಲು ಕುಂಟಿರಲಿಲ್ಲ. ಸಂಜೆ ಐದಕ್ಕೆ, ಮುದ್ರಣದವನು ಬಾಗಿಲಲ್ಲಿ ನಿಂತಿರುವಾಗ, ‘ಮಂಡಿ ನೋವಿನಿಂದ ಹಿಂದೆ ಬಿದ್ದರು’ ಎಂದು ಬರೆದು ಪುಸ್ತಕ ಮುಚ್ಚಿದರು. ಭಾರ ಐದು ಕಿಲೋಗೆ ಇಳಿಯಿತು. 

ಮಂಗಳವಾರ ತಿಮ್ಮಯ್ಯ ಮಾರೇನಹಳ್ಳಿಯ ತಮ್ಮ ಜಗಲಿಯ ಮೇಲೆ ಕುಳಿತು ಆ ಸಾಲನ್ನು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಇಪ್ಪತ್ತೊಂಬತ್ತು ವರ್ಷದಿಂದ ಎಡ ಬಲ ಹೇಳದೆ ಒಂದು ಕಾಲನ್ನೂ ಬಿಡದ ಮನುಷ್ಯ, ಈ ಸಲ ಯಾವ ಮಂಡಿಯೆಂದು ಬರೆದಿರಲಿಲ್ಲ. ತಿಮ್ಮಯ್ಯ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಗಂಭೀರ ಬಾಜಿದಾರರೆಲ್ಲರೂ ಅದನ್ನು ಗಂಭೀರವಾಗಿಯೇ ಓದಿದ್ದರು.

ಡರ್ಬಿಯ ದಿನ ವೀರೇಶನ ಹಲಗೆಯ ಮುಂದೆ ಎಲ್ಲರೂ ನೀಲಿ ಸೀರೆಯ ಮೇಲೆಯೇ ಕಟ್ಟಿದರು. ಬಸವಕುಮಾರ್ ತಮ್ಮ ಡ್ರೈವರ್ ಕೈಯಲ್ಲಿ ಕಟ್ಟಿಸಿದರು. ಇತರ ಸ್ಪರ್ಧಿಗಳು ಕೂಡ ತಮ್ಮ ಮೇಲೆ ಕಟ್ಟಿಕೊಳ್ಳದೆ ಗಿರಿಜಾದೇವಿಯವರ ಮೇಲೆ ಕಟ್ಟಿ, ಅವರು ಬರುವಾಗ ದಾರಿ ಬಿಟ್ಟುಕೊಟ್ಟರು. ಗಿರಿಜಾದೇವಿಯವರು ಮೂರು ಆಳಿನ ಅಂತರದಲ್ಲಿ ಗೆದ್ದರು. ಕುಂಟಿನ ಸುಳಿವೂ ಇರಲಿಲ್ಲ.

ನಿಯಮದಂತೆ ವಿಚಾರಣೆ ನಡೆಯಿತು. ಸ್ಪರ್ಧಿಯ ಮಂಡಿ ಹೋಳಿಗೆಯ ವಾಸನೆಯಿಂದ ವಾಸಿಯಾಗಿರುವ ಸಂಭವವನ್ನು ತಳ್ಳಿಹಾಕುವಂತಿಲ್ಲವೆಂದು ವಿಚಾರಣಾ ಸಮಿತಿ ತೀರ್ಪಿತ್ತಿತು. ಸಮಿತಿಯ ಮೂವರೂ ನೀಲಿ ಸೀರೆಯ ಮೇಲೆ ಕಟ್ಟಿದ್ದವರಾದ್ದರಿಂದ ವಿಷಯ ಅವರಿಗೆ ಚೆನ್ನಾಗಿ ತಿಳಿದಿತ್ತು.

ಎಪ್ಪತ್ತೆರಡನೆಯ ಮಹಾಸಭೆಗೆ ಕೂರಲು ಜಾಗವಿರಲಿಲ್ಲ. ಅಭಿಮಾನಿ ಮತ್ತು ಬಾಜಿದಾರರ ಪ್ರಶ್ನೆ ಶಾಶ್ವತವಾಗಿ ಇತ್ಯರ್ಥವಾಗಿದೆಯೆಂದು ದಾಖಲಿಸಲಾಯಿತು. ಸೋಮಲಿಂಗಪ್ಪನವರ ಸೇವೆಯನ್ನು ಐದು ವರ್ಷ ವಿಸ್ತರಿಸುತ್ತ, ‘ಬರೆಯದೆ ಬಿಡುವುದರಲ್ಲಿ ಅವರು ತೋರಿದ ಪ್ರೌಢಿಮೆ’ಯನ್ನು ಸಭೆ ಶ್ಲಾಘಿಸಿತು. ಕುದುರೆಗಳು ಈಚೆಗೆ ಎರಡನೇ ಪಂಕ್ತಿಯ ಹೊತ್ತಿಗೇ ಲಾಯಕ್ಕೆ ಮರಳುತ್ತಿರುವುದರಿಂದ, ಅವುಗಳ ಆಸಕ್ತಿ ಉಳಿಸಿಕೊಳ್ಳುವ ಬಗ್ಗೆ ಉಪಸಮಿತಿ ನೇಮಕವಾಯಿತು. ಅದು ಮೂರು ದೇಶಗಳಿಗೆ ಹೋಗಲಿದೆ.

ಸಂಜೆ ಸೋಮಲಿಂಗಪ್ಪನವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಮುಂದಿನ ಪುಸ್ತಕದ ಕರಡು ಓದಿ ಹೇಳಿದರು. “ಗಿರಿಜಾದೇವಿ. ಏಳು ಕಿಲೋ.”

“ಐದಿದ್ದದ್ದು ಏಳಾಯ್ತಾ?”

“ಗೆದ್ದೋರಿಗೆ ಹೊರೆ ಜಾಸ್ತಿ. ನಿಯಮ ಅದು.”

“ಮದುವೆ ಆದಾಗ್ಲಿಂದ ಇದೇ ನಿಯಮ ಇದೆ ಬಿಡಿ, ಅಚ್ಚು ಹಾಕ್ಸಿರ್ಲಿಲ್ಲ ಅಷ್ಟೆ” ಎಂದು ಗಿರಿಜಾದೇವಿಯವರು ಅಕ್ಕಿಯನ್ನು ಡಬ್ಬಕ್ಕೆ ಸುರಿದರು. “ಸರಿ, ಈ ಭಾನುವಾರ ಯಾವ ಕಾಲು ಕುಂಟ್ಲಿ?”

“ಬಲಗಾಲು” ಎಂದರು ಸೋಮಲಿಂಗಪ್ಪನವರು, ಮುಂಚಿತವಾಗಿಯೇ ಬರೆದುಕೊಳ್ಳುತ್ತಾ. “ಅದಾದ್ರೆ ಸುಳ್ಳಾಗೋದಿಲ್ಲ.”