ಆಫ್‌ಲೈನ್ ಅಂದ್ರ ಸೂಟಿ ಅಲ್ರೀ?

ಆರ್ಟ್ಸ್ ಕಾಲೇಜಿನ ಮಾಸ್ತರನಿಗೆ ನಗೆಪಾಟಲಾಗಲು ಬೇರೆಲ್ಲೂ ಹೋಗಬೇಕಿಲ್ಲ, ವೇಳಾಪಟ್ಟಿ ಹಾಕಲು ಕುಳಿತರೆ ಸಾಕು. ನಾನು ಗದಗಿನಲ್ಲಿ ಇತಿಹಾಸ ಹೇಳುವವನು. ಈ ವರ್ಷ ನಮ್ಮ ಕಟ್ಟಡದ ಅರ್ಧ ಚಾವಣಿ ರಿಪೇರಿಗೆ ಬಂತು. ಉಳಿದ ಕೋಣೆಗಳು ವಾರದಲ್ಲಿ ಮೂರು ದಿನ ನಮಗೆ, ಮೂರು ದಿನ ಕಾಮರ್ಸ್‌ನವರಿಗೆ ಎಂದಾಯಿತು. ಕೋಣೆ ಇಲ್ಲದ ದಿನ ನಮ್ಮ ಪಾಠ ಫೋನಿನಲ್ಲಿ.

ನನಗೆ ಇದರಲ್ಲಿ ಒಬ್ಬಳದೇ ಚಿಂತೆ. ಕೊನೆಯ ವರ್ಷದಲ್ಲಿ ಬೆಟಗೇರಿಯ ನೇಕಾರರ ಮನೆಯ ಸೊಸೆಯೊಬ್ಬಳಿದ್ದಳು. ಮದುವೆಯಾಗಿ ಬಿಟ್ಟ ಓದನ್ನು ಮತ್ತೆ ಹಿಡಿದವಳು, ಬಲು ಜಾಣೆ. ಫೋನಿನ ಪಾಠಕ್ಕೆ ಅವಳ ಅತ್ತೆಯ ಅಡ್ಡಿ ಇರಲಿಲ್ಲ. ಆದರೆ ಕಾಲೇಜು ಎಂದ ಕೂಡಲೇ, "ಅಕಿ ಅಲ್ಲಿ ಹೋಗಿ ಕುಂತ್ರ ಇಲ್ಲಿ ಮಗ್ಗದಾಗ ಯಾರ ಕುಂಡ್ರಬೇಕು?" ಎನ್ನುತ್ತಿದ್ದರಂತೆ. ಖುದ್ದು ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ ಎಂದು ನಮ್ಮ ಪ್ರಿನ್ಸಿಪಾಲರು. ಅವರದೂ ತಪ್ಪಲ್ಲ, ನಿಯಮ. ಹೀಗಾದರೆ ಆ ಹೆಣ್ಣುಮಗಳ ವರ್ಷ ಹಾಳು.

ಲೈನ್

ಪ್ರಿನ್ಸಿಪಾಲರು ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದರು: ಸೋಮವಾರದಿಂದ ಬುಧವಾರ ಆಫ್‌ಲೈನ್, ಗುರುವಾರದಿಂದ ಶನಿವಾರ ಆನ್‌ಲೈನ್. ಸೋಮವಾರ ನಾನು ಸುಣ್ಣದ ಕಡ್ಡಿ ಹಿಡಿದು ಹೋದರೆ ಕ್ಲಾಸಿನಲ್ಲಿ ಬೆಂಚುಗಳು ಮಾತ್ರ ಇದ್ದವು. ಅಡರಕಟ್ಟಿಯಿಂದ ಬರುವ ಹುಡುಗನೊಬ್ಬನಿಗೆ ಫೋನ್ ಮಾಡಿದೆ.

"ಎಲ್ಲಿದ್ದೀಲೇ?"

"ಹೊಲದಾಗ ಅದೇನ್ರಿ ಸರ್. ಇವತ್ತ ಆಫ್‌ಲೈನ್ ಅಂತ ಬರಸೀರಲ್ರಿ. ನಮ್ಮೂರಾಗ ಲೈನ್ ಇಲ್ಲಂದ್ರ ಹಿಟ್ಟಿನ ಗಿರಣಿ ಬಂದ್, ಪಂಪ್‌ಸೆಟ್ ಬಂದ್. ಕಾಲೇಜೂ ಬಂದ್ ಅಂತ ತಿಳಕೊಂಡ್ವಿ. ಆಫ್‌ಲೈನ್ ಅಂದ್ರ ಸೂಟಿ ಅಲ್ರೀ?"

ಅವನನ್ನು ಬೈಯುವುದು ಹೇಗೆ? ಕರೆಂಟಿಗೆ ಲೈನ್ ಎನ್ನುವ ಊರಿನವನು. ಪ್ರಿನ್ಸಿಪಾಲರು ಅಂದೇ ಫಲಕ ಅಳಿಸಿ, "ಮೂರು ದಿನ ನೀವು ಬರ್ರಿ, ಮೂರು ದಿನ ನಾವು ಬರ್ತೀವಿ" ಎಂದು ಬರೆಸಿದರು. ಗುರುವಾರ ಆ ಹುಡುಗನ ಮನೆಯವರು ನನಗಾಗಿ ಅವಲಕ್ಕಿ ಒಗ್ಗರಣೆ ಹಾಕಿಕೊಂಡು ಕಾದಿದ್ದರಂತೆ.

ಲಿಂಕ್

ಫೋನಿನ ಪಾಠಕ್ಕೆ ಕುರ್ತಕೋಟಿಯ ಹುಡುಗನೊಬ್ಬ ಬರಲಿಲ್ಲ. ಕರೆ ಮಾಡಿ, "ಯಾಕಪಾ, ಲಿಂಕ್ ಸಿಗಲಿಲ್ಲೇನು?" ಎಂದೆ.

"ಇಲ್ರಿ ಸರ್, ಲಿಂಕ್ ಎಲ್ಲೋ ಕಳದೈತ್ರಿ" ಎಂದ. ಅಷ್ಟರಲ್ಲಿ ಹಿಂದಿನಿಂದ ಅವನ ಅಜ್ಜಿಯ ದನಿ ಸಿಡಿಲಿನಂತೆ ಬಂತು.

"ಲಿಂಗ ಕಳಕೊಂಡ್ಯಾ? ಅಯ್ಯ ನಿನ್ನ! ಕಳಕೊಂಡು ರೊಟ್ಟಿ ಬ್ಯಾರೆ ತಿನ್ನಾಕತ್ತೀಯಲ್ಲೋ! ಏಳ ಮೊದಲ, ತಾಟ ಬಿಟ್ಟ ಏಳ!"

ಹುಡುಗ ಬಾಯಿಯಲ್ಲಿ ರೊಟ್ಟಿ ಇಟ್ಟುಕೊಂಡೇ, "ಸರ್, ನೀವ ಹೇಳ್ರಿ ಅಕಿಗೆ" ಎಂದು ಫೋನು ಕೊಟ್ಟ. ನಾನು ಆದಷ್ಟು ವಿನಯದಿಂದ, "ಅಮ್ಮಾರ, ಹುಡುಗಂದೇನೂ ತಪ್ಪಿಲ್ರಿ. ಈಗ ನಾನ ಇನ್ನೊಂದು ಕಳಸ್ತೇನಿ, ಫೋನಿನಾಗ ಬರ್ತೈತಿ" ಎಂದೆ.

ಅಜ್ಜಿ ಕೇಳಿದಳು: "ಅಲ್ರಿ ಮಾಸ್ತರ, ಫೋನಿನಾಗ ಬಂದಿದ್ದನ್ನ ಕೊರಳಾಗ ಹೆಂಗ ಕಟ್ಟಿಕೋಬೇಕ್ರಿ?"

ಮುಂದಿನ ಸೋಮವಾರ ಆ ಹುಡುಗ ಅಂಗಿಯ ಮೇಲೆ ಲಿಂಗದ ಬೆಳ್ಳಿಯ ಕರಡಿಗೆ ಕಾಣುವ ಹಾಗೆ ಹಾಕಿಕೊಂಡು ಬಂದ. "ಸರ್‌ಗೆ ತೋರಿಸಿ ಬಾ ಅಂದಾಳ್ರಿ" ಎಂದ.

ಮಗ್ಗ

ಬೆಟಗೇರಿಯ ಸೊಸೆ ಮಾತ್ರ ಫೋನಿನ ಪಾಠ ಒಂದೂ ತಪ್ಪಿಸಲಿಲ್ಲ. ಅವಳ ಜೊತೆ ಮಗ್ಗವೂ ಬರುತ್ತಿತ್ತು, ಖಟಕ್, ಖಟಕ್. ಒಂದು ದಿನ ತಡೆಯಲಾರದೆ, "ತಂಗಿ, ಮ್ಯೂಟ್ ಮಾಡವಾ" ಎಂದೆ.

"ಕೈಯಾಗ ಲಾಳಿ, ಕಾಲಾಗ ಪಾವಡಿ. ಯಾತರಿಂದ ಒತ್ತಲಿ ಸರ್?" ಎಂದಳು.

ಅಲ್ಲಿಂದ ನಾನೇ ಮಗ್ಗದ ಸದ್ದಿಗೆ ಹೊಂದಿಕೊಂಡೆ. ಬರಬರುತ್ತಾ ಒಂದು ವಿಚಾರ ಲಕ್ಷ್ಯಕ್ಕೆ ಬಂತು. ಕಂದಾಯ, ಆಡಳಿತ ಹೇಳುವಾಗ ಖಟಕ್ ಖಟಕ್ ಜೋರಾಗಿ ನಡೆಯುತ್ತಿತ್ತು. ಯುದ್ಧ ಬಂತೆಂದರೆ ಗಪ್. ಎಷ್ಟು ಮನಸ್ಸಿಟ್ಟು ಕೇಳುತ್ತಾಳೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಒಂದು ಶನಿವಾರ ಕೋಟೆಗೆ ಮುತ್ತಿಗೆ ಹಾಕಿಸಿದ್ದೆ. ಒಳಗಿನವನೇ ಒಬ್ಬ ದುಡ್ಡಿನಾಸೆಗೆ ಬಾಗಿಲ ಅಗಳಿ ತೆಗೆಯುವಷ್ಟರಲ್ಲಿ ಹೊತ್ತಾಯಿತು. "ಉಳಿದದ್ದು ಸೋಮವಾರ, ಕಾಲೇಜಿನಲ್ಲಿ" ಎಂದೆ. ಮಗ್ಗದ ಕಡೆಯಿಂದ, "ಅಯ್ಯ, ಇವನ ಮನಿ ಹಾಳಾಗ!" ಎಂದು ಒಂದು ಮುದಿ ದನಿ ಕೇಳಿತು. ಬಯ್ದದ್ದು ಆ ದ್ರೋಹಿಗೋ ನನಗೋ ತಿಳಿಯಲಿಲ್ಲ.

ಅತ್ತೆಯ ತಕರಾರು

ಸೋಮವಾರ ನೋಡಿದರೆ ಸೊಸೆ ಮೊದಲ ಬೆಂಚಿನಲ್ಲಿ! "ಅತ್ತಿಯವ್ರ ಕಳಿಸ್ಯಾರ್ರಿ" ಎಂದಳು. ಅವಳಿಗೇ ನಂಬಿಕೆ ಇದ್ದಂತಿರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ಮರುದಿನ ನಾನು ಪ್ರಿನ್ಸಿಪಾಲರ ಕೋಣೆಯಲ್ಲಿದ್ದಾಗ ಅತ್ತೆಯೇ ಸೊಸೆಯ ಕೈ ಹಿಡಿದುಕೊಂಡು ಅಲ್ಲಿಗೆ ಬಂದರು. ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ, "ಕಾಲೇಜಿನಿಂದ ಸೊಸಿ ಹೆಸರು ಕಡಸಾಕ ಬಂದಾರ್ರಿ" ಎಂದರು. ನನಗೂ ಹಾಗೇ ಅನಿಸಿತು.

"ಇತಿಹಾಸದ ಮಾಸ್ತರ ಯಾರ್ರಿ?" ಎಂದರು ಅತ್ತೆ.

"ನಾನ್ರಿ" ಎಂದೆ.

"ಯುದ್ಧ ಬಂತಂದ್ರ ಇಕಿ ಮಗ್ಗಾ ನಿಲ್ಲಿಸಿ ನಾನೂ ಕೇಳ್ತೇನ್ರಿ. ಅಗಳಿ ತಗದಿಂದ ಏನಾತ ಕೇಳಿಕೊಂಡ ಬಾ ಅಂತ ಇಕಿನ್ನ ಕಳಸಿದ್ದೆ. ಮನಿಗೆ ಬಂದು ಏನ ಹೇಳಿದ್ಲ ಗೊತ್ತೇನ್ರಿ? 'ಯುದ್ಧ ಆತ್ರಿ, ರಾಜಾ ಸೋತ' ಅಂದ್ಲು. ಅಷ್ಟ! ಮ್ಯಾಲ ಒಂದು ಇಸ್ವಿ ಹೇಳಿದ್ಲು! ಇಸ್ವಿ ತಗೊಂಡು ನಾ ಏನ್ ಮಾಡ್ಲಿ?"

ಪ್ರಿನ್ಸಿಪಾಲರು ಹೆದರುತ್ತಲೇ, "ಅಮ್ಮಾರ, ಹಾಜರಿ ಇಲ್ಲಂದ್ರ ಪರೀಕ್ಷೆ..." ಎಂದು ತೆಗೆದರು.

"ಅಕಿ ಬರ್ತಾಳ್ರಿ. ಮೂರ ದಿನಾ ಅಕಿ ಮಗ್ಗಾನೂ ನಾನ ನೋಡ್ತೇನಿ. ಆದ್ರ ನಂದೊಂದು ಕರಾರ. ಆ ಕಂದಾಯ, ಭೂಮಿ ಅಳತಿ, ಅಧಿಕಾರಿಗೋಳ ಹೆಸರು, ಅವನ್ನೆಲ್ಲಾ ಇಲ್ಲೆ ಕಾಲೇಜಿನಾಗ ಮುಗಸ್ರಿ. ಯುದ್ಧ, ಮದುವಿ, ಮೋಸ ಎಲ್ಲಾ ಫೋನಿನಾಗ ಬರ್ಲಿ. ನಾವೂ ಮನ್ಯಾಗ ಮನಷ್ಯಾರ ಅದೇವಿ."

ಯಾವ ಪಾಠ ಕಾಲೇಜಿನಲ್ಲಿ, ಯಾವುದು ಫೋನಿನಲ್ಲಿ ಎಂದು ಎಷ್ಟೋ ಮೀಟಿಂಗ್ ಮಾಡಿ ಸೋತಿದ್ದ ಪ್ರಿನ್ಸಿಪಾಲರು ಪೆನ್ನು ತೆಗೆದು ಬರೆದುಕೊಂಡರು.

ಸೊಸೆ ಪರೀಕ್ಷೆಗೆ ಕೂತಳು, ಪಾಸೂ ಆದಳು. ಚಾವಣಿ ರಿಪೇರಿ ಇನ್ನೂ ಮುಗಿದಿಲ್ಲ, ಅತ್ತೆಯ ಕರಾರೂ ಮುಗಿದಿಲ್ಲ. ಹಾಗಾಗಿ ಈಗಲೂ ನಮ್ಮ ಕಾಲೇಜಿನಲ್ಲಿ ರಾಜರು ಸೋಮವಾರದಿಂದ ಬುಧವಾರದವರೆಗೆ ಕಂದಾಯ ವಸೂಲಿ ಮಾಡುತ್ತಾರೆ, ಗುರುವಾರ ಬಂತೆಂದರೆ ಯುದ್ಧಕ್ಕೆ ಹೊರಡುತ್ತಾರೆ. ಮದುವೆಗಳೆಲ್ಲ ಶನಿವಾರ.